ತೂಕ ಇಳಿಸುವುದು ಅರ್ಧಕ್ಕೇ ನಿಂತಿದೆಯೇ? ಮತ್ತೆ ಹಳಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವಾರ ಕೈಬಿಟ್ಟಿದ್ದಕ್ಕೆ ಮೂರು ಕೆಜಿ ಏರಿದೆ. ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ ಆಯಿತೇ?

ಇಲ್ಲ. ಬೇಸರ ಪಡುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಒಂದು ಕೆಜಿ ಕೊಬ್ಬು ಮೈಗೆ ಸೇರಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಒಳಗೆ ಹೋಗಿರಬೇಕು. ಮೂರು ಕೆಜಿಗೆ 23,100. ಅದನ್ನು 21 ದಿನಕ್ಕೆ ಹಂಚಿದರೆ ದಿನಕ್ಕೆ 1,100. ದಿನದ ಊಟ ತಿಂಡಿಯೆಲ್ಲ ಮುಗಿದ ಮೇಲೆ, ಅದರ ಅರ್ಧಕ್ಕೂ ಹೆಚ್ಚನ್ನು ಪ್ರತಿ ದಿನ ಮತ್ತೆ ತಿಂದಂತೆ. ಹೆಚ್ಚಿನವರು ಹಾಗೆ ತಿಂದಿರುವುದಿಲ್ಲ. ದಿನಕ್ಕೆ 350 ಕ್ಯಾಲೊರಿ ಹೆಚ್ಚಾಗಿದ್ದರೆ ಏರಿರುವ ಕೊಬ್ಬು ಹೆಚ್ಚೂ ಕಡಿಮೆ ಒಂದು ಕೆಜಿ.

ಉಳಿದ ಎರಡು ಕೆಜಿಯಲ್ಲಿ ಬಹುಪಾಲು ನೀರು. ಪಿಷ್ಟ ಮತ್ತು ಸಕ್ಕರೆ ಹೆಚ್ಚಿಗೆ ತಿಂದಾಗ ದೇಹ ಅದನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಬಂದು ಕೂರುತ್ತದೆ. ಈ ಉಗ್ರಾಣದ ಸಾಮರ್ಥ್ಯವೇ ಅರ್ಧ ಕೆಜಿ ಆಸುಪಾಸು. ಅಂದರೆ ಖಾಲಿಯಿಂದ ತುಂಬಿದ ಸ್ಥಿತಿಗೆ ಬರುವಷ್ಟರಲ್ಲಿ ತೂಕದ ಯಂತ್ರದ ಮೇಲೆ ಎರಡು ಕೆಜಿವರೆಗೂ ಕಾಣಬಹುದು. ಉಪ್ಪು ಹಿಡಿದಿಟ್ಟ ನೀರು ಬೇರೆ, ಕರುಳಿನಲ್ಲಿರುವ ಆಹಾರದ ತೂಕ ಬೇರೆ. ಮಾಮೂಲಿ ಊಟಕ್ಕೆ ಮರಳಿದ ಒಂದು ವಾರ, ಹತ್ತು ದಿನದಲ್ಲಿ ಇದರ ದೊಡ್ಡ ಪಾಲು ತಾನಾಗಿಯೇ ಇಳಿಯುತ್ತದೆ.

ಇದರಲ್ಲೇ ಒಂದು ಮೋಸವೂ ಇದೆ. ಮೊದಲ ವಾರ ಒಂದೂವರೆ ಕೆಜಿ ಇಳಿದದ್ದನ್ನು ನೋಡಿ ಎರಡನೇ ವಾರವೂ ಅಷ್ಟೇ ಬೇಕು ಎಂದು ಕಾಯುತ್ತೀರಿ. ಆ ವಾರ ಇಳಿಯುವುದು 300 ಗ್ರಾಂ. ಅಲ್ಲಿಗೆ ಮತ್ತೆ ಬೇಜಾರು, ಮತ್ತೆ ಕೈಬಿಡುವುದು. ಮೊದಲ ವಾರದ ಇಳಿಕೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಹಳೆಯ ಡಯಟ್ ಚಾರ್ಟನ್ನೇ ಮತ್ತೆ ಹಿಡಿಯಲೇ?

ಬೇಡ. ಅದು ನಿಮ್ಮ ಕೈಯಲ್ಲಿ ಒಮ್ಮೆ ಮುರಿದ ಚಾರ್ಟು. ಯಾವ ಕಡೆ ಮುರಿಯಿತು ಎಂದು ನೋಡದೆ ಅದನ್ನೇ ಎತ್ತಿಕೊಂಡರೆ ಅಲ್ಲೇ ಮತ್ತೆ ಮುರಿಯುತ್ತದೆ. ಇನ್ನೊಂದು ಮಾತು, ಆಗ ನೀವು ಪೂರ್ತಿ ಲಯದಲ್ಲಿದ್ದಿರಿ. ಈಗ ಮೊದಲ ದಿನ. ಬಿಟ್ಟ ಜಾಗದಿಂದಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕು.

ಮೊದಲ ವಾರ ಏನನ್ನೂ ಕಡಿತ ಮಾಡಬೇಡಿ. ಹೌದು, ಸರಿಯಾಗಿಯೇ ಓದಿದಿರಿ. ಆ ವಾರದ ಕೆಲಸ ಮೂರೇ: ಊಟದ ಹೊತ್ತನ್ನು ನಿಗದಿ ಮಾಡುವುದು (ಮೂರು ಊಟವೋ, ಎರಡು ಊಟ ಒಂದು ತಿಂಡಿಯೋ, ನಿಮಗೆ ಒಗ್ಗಿದ್ದು, ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ), ಬಾಯಿಗೆ ಹಾಕಿದ್ದನ್ನೆಲ್ಲ ಬರೆಯುವುದು, ಬೆಳಿಗ್ಗೆ ತೂಕ ನೋಡುವುದು. ಎರಡನೇ ವಾರ ದಿನಕ್ಕೆ 250 ಕ್ಯಾಲೊರಿಯಷ್ಟು ಇಳಿಸಿ. ಮೂರನೇ ವಾರದಿಂದ 400, 500. ಒಂದೇ ಏಟಿಗೆ 800 ಇಳಿಸಿದವರು ಸಾಮಾನ್ಯವಾಗಿ ನಾಲ್ಕನೇ ದಿನ ರಾತ್ರಿ ಅಡುಗೆಮನೆಯ ಡಬ್ಬಗಳ ಮುಂದೆ ನಿಂತಿರುತ್ತಾರೆ.

ಬರೆಯುವ ಪುಸ್ತಕಕ್ಕೆ ಕ್ಯಾಲೊರಿ ಕಾಲಂ ಮೊದಲ ವಾರ ಬೇಕಿಲ್ಲ. ಮೂರು ಕಾಲಂ ಸಾಕು: ಎಷ್ಟು ಗಂಟೆಗೆ, ಏನು ಮತ್ತು ಎಷ್ಟು, ತಿನ್ನುವ ಮೊದಲು ಹಸಿವು ಎಷ್ಟಿತ್ತು (0ರಿಂದ 5). ಮೂರನೆಯ ಕಾಲಂ ಬಿಡಬೇಡಿ. ಮುಂದಿನ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಎಲ್ಲಿ ಹಳಿ ತಪ್ಪಿತು ಎಂದು ಕಂಡುಹಿಡಿಯುವುದು ಹೇಗೆ?

ಏಳು ದಿನದ ಬರಹವನ್ನು ಒಟ್ಟಿಗೆ ಹರಡಿ ನೋಡಿ. ಹಸಿವು 0 ಅಥವಾ 1 ಇದ್ದಾಗ ತಿಂದದ್ದಕ್ಕೆಲ್ಲ ಗೆರೆ ಎಳೆಯಿರಿ. ಆ ಗೆರೆಗಳು ಒಂದೇ ಹೊತ್ತಿನಲ್ಲಿ ಗುಂಪಾಗಿದ್ದರೆ (ಹೆಚ್ಚಾಗಿ ಸಂಜೆ ಕೆಲಸ ಮುಗಿಸಿ ಬಂದ ಮೇಲೆ, ಇಲ್ಲವೇ ರಾತ್ರಿ ಊಟವಾದ ಮೇಲೆ ಪರದೆಯ ಮುಂದೆ) ಅದು ಹಸಿವಿನ ಸಮಸ್ಯೆ ಅಲ್ಲ, ಅಭ್ಯಾಸದ್ದು. ಅಲ್ಲಿ ತಿನ್ನುವ ಪದಾರ್ಥ ಬದಲಿಸಿ ಪ್ರಯೋಜನವಿಲ್ಲ. ಕೂರುವ ಜಾಗ ಬದಲಿಸಿ, ಡಬ್ಬ ಇಡುವ ಜಾಗ ಬದಲಿಸಿ, ಆ ಹೊತ್ತಿಗೆ ಕೈಗೊಂದು ಕೆಲಸ ಕೊಡಿ.

ಹಸಿವು 5 ಇದ್ದಾಗಲೇ ಎಲ್ಲ ಕೆಡುತ್ತಿದ್ದರೆ ಕಥೆ ಬೇರೆ. ಎರಡು ಊಟದ ನಡುವಿನ ಅಂತರ ನೋಡಿ. ಮಧ್ಯಾಹ್ನ ಒಂದಕ್ಕೆ ಚೂರು ತಿಂದು ರಾತ್ರಿ ಒಂಬತ್ತರವರೆಗೆ ಬಾಯಿ ಕಟ್ಟಿದರೆ, ಒಂಬತ್ತಕ್ಕೆ ತಟ್ಟೆಯ ಮುಂದೆ ಕೂತಾಗ ಯಾರಿಗೂ ಅಳತೆ ನೆನಪಿರುವುದಿಲ್ಲ. ಇದನ್ನು ಮನಸ್ಸಿನ ಗಟ್ಟಿತನದ ಕೊರತೆ ಅನ್ನುವುದು ಅನ್ಯಾಯ. ಸಂಜೆ ಐದಕ್ಕೆ 150ರಿಂದ 200 ಕ್ಯಾಲೊರಿಯ, ಪ್ರೋಟೀನ್ ಇರುವ ತಿಂಡಿ ಸೇರಿಸಿ. ದಿನದ ಒಟ್ಟು ಮೊತ್ತ ಸಾಮಾನ್ಯವಾಗಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಮೂರನೆಯ ಬಗೆ: ಯೋಜನೆ ಒಂದೇ ಕೊಕ್ಕೆಗೆ ನೇತು ಹಾಕಿಕೊಂಡಿರುವುದು. ಬೆಳಿಗ್ಗೆ ಆರರ ಜಿಮ್ ಒಂದರ ಮೇಲೇ ಎಲ್ಲ ನಿಂತಿತ್ತು. ಕೆಲಸದ ಪಾಳಿ ಬದಲಾಯಿತು, ಅಥವಾ ಒಂದು ವಾರ ಜ್ವರ ಬಂತು. ಜಿಮ್ ಹೋಯಿತು, ಅದರ ಜೊತೆ ಊಟದ ಶಿಸ್ತೂ ಹೋಯಿತು. ಊಟದ ನಿಯಮ ವ್ಯಾಯಾಮದ ಮೇಲೆ ಅವಲಂಬಿಸಬಾರದು. ಎರಡನ್ನೂ ಬೇರೆ ಬೇರೆ ಕೊಕ್ಕೆಗೆ ಹಾಕಿ.

ಒಂದು ಹೊತ್ತು ಮಿತಿ ಮೀರಿ ತಿಂದೆ. ಮುಂದಿನ ಊಟ ಬಿಟ್ಟು ಸರಿದೂಗಿಸಲೇ?

ಬಿಡಬೇಡಿ. ಮುಂದಿನ ಊಟ ಅದೇ ಹೊತ್ತಿಗೆ, ಅದೇ ಅಳತೆಗೆ.

ತೂಕಕ್ಕೆ ಪೆಟ್ಟು ಕೊಡುವುದು ಆ ಒಂದು ಊಟವಲ್ಲ, ಅದರ ಬೆನ್ನಿಗೆ ಬರುವ "ಹೇಗೂ ಕೆಟ್ಟಿತು, ಇನ್ನೇನು" ಎಂಬ ಮಾತು. ಮನೋವಿಜ್ಞಾನಿಗಳು ಇದನ್ನು ಪ್ರಯೋಗದಲ್ಲೇ ತೋರಿಸಿದ್ದಾರೆ. 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರು. ಬಾಯಿ ಕಟ್ಟದವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಬಾಯಿ ಕಟ್ಟಿದವರು, ನಿಯಮ ಮುರಿದೇ ಹೋಯಿತಲ್ಲ ಎಂಬಂತೆ, ಏನೂ ಕುಡಿಯದಿದ್ದಾಗ ತಿನ್ನುವುದಕ್ಕಿಂತ ಹೆಚ್ಚು ತಿಂದರು.

ಒಂದು ಊಟದಲ್ಲಿ 800 ಕ್ಯಾಲೊರಿ ಹೆಚ್ಚಾದರೆ ಕೊಬ್ಬಿನ ಲೆಕ್ಕದಲ್ಲಿ 100 ಗ್ರಾಂ. ಅದೇ ನೆಪ ಮಾಡಿಕೊಂಡು "ಸೋಮವಾರದಿಂದ ಶುರು ಮಾಡೋಣ" ಎಂದು ಗುರುವಾರದಿಂದ ಭಾನುವಾರದವರೆಗೆ ದಿನಕ್ಕೆ 1,000 ಏರಿಸಿದರೆ ಅರ್ಧ ಕೆಜಿ, ಒಂದು ವಾರ ಕಷ್ಟಪಟ್ಟು ಇಳಿಸುವಷ್ಟು. ಪ್ರತಿ ಸಲ ಸೋಮವಾರಕ್ಕೆ ಮುಂದೂಡುವವರು ಈ ನಾಲ್ಕು ದಿನದ ಬಾಡಿಗೆ ಕಟ್ಟುತ್ತಲೇ ಇರುತ್ತಾರೆ.

ದಿನಕ್ಕೆ ಎಷ್ಟು ತಿನ್ನಬೇಕು? ಮೊದಲು ಹಾಕಿದ್ದ ಲೆಕ್ಕವೇ ಸಾಕೇ?

ಮತ್ತೆ ಹಾಕಬೇಕು. ತೂಕ ಬದಲಾದರೆ ದೇಹದ ಖರ್ಚೂ ಬದಲಾಗುತ್ತದೆ. ಈ ಖರ್ಚನ್ನು ಅಂದಾಜಿಸಲು ಮಿಫ್ಲಿನ್ ಎಂಬ ಸೂತ್ರ ಸಾಮಾನ್ಯ ಬಳಕೆಗೆ ಸಾಕು: ಕೆಜಿ ತೂಕವನ್ನು 10ರಿಂದ ಗುಣಿಸಿ, ಸೆಂ.ಮೀ. ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

72 ಕೆಜಿ, 160 ಸೆಂ.ಮೀ., 40 ವರ್ಷದ ಮಹಿಳೆ: 720 + 1,000 − 200 − 161 = 1,359. ಇದು ಸುಮ್ಮನೆ ಮಲಗಿದ್ದರೂ ಆಗುವ ಖರ್ಚು. ಕೂತು ಮಾಡುವ ಕೆಲಸ, ಜೊತೆಗೆ ಸ್ವಲ್ಪ ನಡಿಗೆ ಇದ್ದರೆ 1.4ರಿಂದ ಗುಣಿಸಿ: ಸುಮಾರು 1,900. ಅದರಲ್ಲಿ 400 ಕಳೆದರೆ 1,500. ಇದೇ ಮಹಿಳೆ 80 ಕೆಜಿ ಇದ್ದಾಗ ಖರ್ಚು 2,015 ಇತ್ತು. ಅಂದಿನ ಅಳತೆಯಲ್ಲೇ ಇಂದೂ ತಿಂದರೆ ದಿನಕ್ಕೆ 110 ಕ್ಯಾಲೊರಿಯ ಉಳಿತಾಯ ಸದ್ದಿಲ್ಲದೆ ಮಾಯವಾಗಿರುತ್ತದೆ. ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ, ಏಕೆಂದರೆ ತೂಕ ಇಳಿಸಿದ ದೇಹ ಸೂತ್ರ ಹೇಳುವುದಕ್ಕಿಂತ ತುಸು ಜಿಪುಣವಾಗುತ್ತದೆ.

ಸೂತ್ರ ಕೊಡುವುದು ಅಂದಾಜು ಮಾತ್ರ, 10% ಆಚೀಚೆ ಇದ್ದೀತು. ಮೂರು ವಾರದ ತೂಕ ನೋಡಿ ತಿದ್ದಿಕೊಳ್ಳಿ. ವೈದ್ಯರ ನಿಗಾ ಇಲ್ಲದೆ ಮಹಿಳೆಯರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಹೋಗಬಾರದು. ಪ್ರೋಟೀನ್ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಇರಲಿ (ತೂಕ ಬಹಳ ಹೆಚ್ಚಿದ್ದರೆ ಗುರಿ ತೂಕಕ್ಕೆ ಲೆಕ್ಕ ಹಾಕಿ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ). ಅದನ್ನು ರಾತ್ರಿಗೆ ಕೂಡಿಡದೆ ಎಲ್ಲ ಊಟಕ್ಕೂ ಹಂಚಿ. ಬೆಳಿಗ್ಗೆ ಪ್ರೋಟೀನ್ ಬರೀ 5 ಗ್ರಾಂ ಇದ್ದರೆ ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕವೆಲ್ಲ ಸರಿಯಿದೆ, ಆದರೂ ಇಳಿಯುತ್ತಿಲ್ಲ. ಯಾಕೆ?

ಹೆಚ್ಚಿನ ಸಲ ಲೆಕ್ಕ ಸರಿ ಇರುವುದಿಲ್ಲ, ಅಷ್ಟೇ. ಇದು ಆರೋಪವಲ್ಲ. 1992ರ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಎನ್ನುತ್ತಿದ್ದವರು ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಬರೆದಿದ್ದರು. ಅವರ ಚಯಾಪಚಯ ಕ್ರಿಯೆ (ದೇಹ ಶಕ್ತಿ ಖರ್ಚು ಮಾಡುವ ಬಗೆ) ಸಹಜವಾಗಿಯೇ ಇತ್ತು. ಅವರು ಸುಳ್ಳು ಹೇಳುವವರೇನಲ್ಲ. ಕಣ್ಣಳತೆ ಅಂದರೆ ಹಾಗೆಯೇ.

ಎಣ್ಣೆಯಿಂದ ಶುರು ಮಾಡಿ. ಒಂದು ಟೀ ಚಮಚ, ಅಂದರೆ 5 ಮಿಲಿ, ಸುಮಾರು 40 ಕ್ಯಾಲೊರಿ. ಒಂದು ದೊಡ್ಡ ಚಮಚ 120. ಬಾಣಲೆಗೆ ಬಾಟಲಿಯಿಂದ ನೇರವಾಗಿ ಸುರಿಯುವವರಿಗೆ ಎಷ್ಟು ಬಿತ್ತು ಎಂದು ತಿಳಿಯುವ ದಾರಿಯೇ ಇಲ್ಲ. ಹೀಗೆ ಮಾಡಿ: ಅಡುಗೆಗೆ ಮೊದಲು ಎಣ್ಣೆ ಬಾಟಲಿಯನ್ನು ಅಡುಗೆಮನೆಯ ಸಣ್ಣ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ, ಅಡುಗೆ ಮುಗಿದ ಮೇಲೆ ಮತ್ತೆ ಇಡಿ. 812 ಗ್ರಾಂ ಇದ್ದದ್ದು 768 ಆಗಿದ್ದರೆ 44 ಗ್ರಾಂ ಹೋಗಿದೆ. ಗ್ರಾಂಗೆ 9 ಕ್ಯಾಲೊರಿಯಂತೆ 396. ನಾಲ್ಕು ಜನರ ಅಡುಗೆಯಾದರೆ ನಿಮ್ಮ ಪಾಲಿಗೆ 99. ಕರಿದದ್ದಕ್ಕೂ ಇದೇ ಉಪಾಯ, ಉಳಿದ ಎಣ್ಣೆಯನ್ನು ತಣ್ಣಗಾದ ಮೇಲೆ ತೂಗಿ. ಮೂರು ದಿನ ಹೀಗೆ ಮಾಡಿದರೆ ಸಾಕು, ಕೈ ತಾನಾಗಿ ಬಿಗಿಯಾಗುತ್ತದೆ.

ಆಮೇಲೆ ಕುಡಿಯುವುದು: ಸಕ್ಕರೆ ಹಾಕಿದ ಚಹಾ, ಕಾಫಿ, ಹಣ್ಣಿನ ರಸ, ಮದ್ಯ. ಮದ್ಯದಲ್ಲಿರುವ ಆಲ್ಕೋಹಾಲ್‌ನ ಗ್ರಾಂಗೆ 7 ಕ್ಯಾಲೊರಿ, ಅದರ ಜೊತೆಗೆ ಬರುವ ಕುರುಕಲಿನ ಲೆಕ್ಕ ಬೇರೆ. ರುಚಿ ನೋಡಿದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಗೋಡಂಬಿ, ಬಾದಾಮಿಯಂಥ ಬೀಜಗಳ ಡಬ್ಬದಿಂದ ತೆಗೆದ ಒಂದು ಹಿಡಿ (30 ಗ್ರಾಂಗೆ 170 ಕ್ಯಾಲೊರಿ ಆಸುಪಾಸು), ಇವೂ ಪುಸ್ತಕಕ್ಕೆ ಬರಬೇಕು.

ಇನ್ನೊಂದು ಕಾರಣ ವಾರಾಂತ್ಯ. ಐದು ದಿನ ತಲಾ 400 ಉಳಿಸಿದರೆ 2,000. ಶನಿವಾರ ಭಾನುವಾರ ತಲಾ 1,000 ಹೆಚ್ಚಾದರೆ 2,000. ಉಳಿದದ್ದು ಸೊನ್ನೆ. ಐದು ದಿನ ಬಾಯಿ ಕಟ್ಟಿದ ನೆನಪು ಮಾತ್ರ ನಿಜವಾಗಿ ಇರುತ್ತದೆ, ಹಾಗಾಗಿ "ನನ್ನ ದೇಹವೇ ಹೀಗೆ" ಅನ್ನಿಸುತ್ತದೆ.

ತೂಕ ದಿನಾ ನೋಡಬೇಕೇ, ವಾರಕ್ಕೊಮ್ಮೆಯೇ?

ದಿನಾ ನೋಡಿ, ವಾರದ ಸರಾಸರಿಯನ್ನು ಮಾತ್ರ ನಂಬಿ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ.

ಒಂದು ವಾರ: 72.4, 71.9, 72.8, 72.1, 71.8, 72.6, 72.3. ಸರಾಸರಿ 72.3. ಮುಂದಿನ ವಾರ: 72.0, 72.5, 71.6, 71.7, 71.5, 72.2, 71.8. ಸರಾಸರಿ 71.9. ಸುಮಾರು 400 ಗ್ರಾಂ ಇಳಿದಿದೆ, ಒಳ್ಳೆಯ ವೇಗವೇ. ಆದರೆ ವಾರಕ್ಕೊಮ್ಮೆ ಮಾತ್ರ, ಅದೂ ಎರಡನೇ ದಿನ ನೋಡುವ ಪದ್ಧತಿ ಇಟ್ಟುಕೊಂಡಿದ್ದರೆ 71.9 ಇದ್ದದ್ದು 72.5 ಆಗಿ, 600 ಗ್ರಾಂ ಏರಿತು ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಿರಿ.

ಮುಟ್ಟಿನ ಹಿಂದಿನ ದಿನಗಳಲ್ಲಿ ನೀರು ನಿಂತು ಒಂದೆರಡು ಕೆಜಿ ಏರುವುದು ಮಾಮೂಲು. ಆ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಿ. ಅಂಕಿ ನೋಡಿದರೆ ದಿನವೆಲ್ಲ ಮನಸ್ಸು ಕೆಡುತ್ತದೆ ಎನ್ನುವವರು ಯಂತ್ರ ಬಿಟ್ಟು ಟೇಪ್ ಹಿಡಿಯಿರಿ: ಎರಡು ವಾರಕ್ಕೊಮ್ಮೆ, ಹೊಕ್ಕುಳ ಮಟ್ಟದಲ್ಲಿ, ಉಸಿರು ಸಹಜವಾಗಿ ಬಿಟ್ಟ ಮೇಲೆ.

ವ್ಯಾಯಾಮ ಬಿಟ್ಟು ಎರಡು ತಿಂಗಳಾಯಿತು. ಹಳೆಯ ಮಟ್ಟಕ್ಕೆ ನೇರ ಹೋಗಬಹುದೇ?

ಹೋದರೆ ಮೂರನೇ ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಸ್ನಾಯು ನೋವು 24ರಿಂದ 72 ಗಂಟೆಯೊಳಗೆ ತುತ್ತತುದಿಗೆ ಏರುತ್ತದೆ, ಆ ನೋವಿಗೇ ಎರಡನೇ ಸಲ ಕೈಬಿಡುವವರು ಬಹಳ. ಮೊದಲ ವಾರ ಹಿಂದೆ ಎತ್ತುತ್ತಿದ್ದ ತೂಕದ ಅರ್ಧ, ಸೆಟ್ಟುಗಳೂ ಅರ್ಧ. ನಾಲ್ಕು ವಾರದಲ್ಲಿ ಹಳೆಯದರ ಹತ್ತಿರ ಬನ್ನಿ. ದಮ್ಮು ಬೇಗ ಕರಗುತ್ತದೆ, ಸ್ನಾಯುವಿನ ಬಲ ಹೆಚ್ಚು ದಿನ ಉಳಿಯುತ್ತದೆ. ಒಮ್ಮೆ ಬೆಳೆಸಿದ ಸ್ನಾಯು ಎರಡನೇ ಸಲ ಬೇಗ ಬೆಳೆಯುತ್ತದೆ ಎಂಬುದು ಸಮಾಧಾನದ ಸಂಗತಿ.

ನಡಿಗೆಗೆ ಈಗ ಎಷ್ಟು ಹೆಜ್ಜೆ ಆಗುತ್ತಿದೆಯೋ ಅದರ ಮೇಲೆ ವಾರಕ್ಕೆ 1,000 ಸೇರಿಸಿ. 3,000 ನಡೆಯುವವರು ನಾಳೆಯೇ 10,000ಕ್ಕೆ ಹಾರುವುದು ಹಿಮ್ಮಡಿ, ಮೊಣಕಾಲಿಗೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲದ ವ್ಯಾಯಾಮ. ಮನೆಯಲ್ಲೇ ಬಸ್ಕಿ, ಗೋಡೆಗೆ ಕೈ ಊರಿ ದಂಡ, ನೀರಿನ ಬಾಟಲಿ ಎತ್ತುವುದು ಶುರುವಿಗೆ ಸಾಕು.

ವ್ಯಾಯಾಮದಿಂದಲೇ ಇಳಿಸುತ್ತೇನೆ ಎಂಬ ಲೆಕ್ಕ ಮಾತ್ರ ಬೇಡ. 70 ಕೆಜಿಯವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆ. ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನು ತಿನ್ನುವ ಲೈಸೆನ್ಸ್ ಎಂದು ತಿಳಿಯಬೇಡಿ.

ರಾತ್ರಿ ಹಸಿವು ತಡೆಯಲಾಗುವುದಿಲ್ಲ. ಏನು ಮಾಡಲಿ?

ಮೊದಲು ನಿದ್ದೆ ಎಣಿಸಿ. 2010ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಒಂದೇ ಬಗೆಯ ಕಡಿತದ ಆಹಾರ ಕೊಟ್ಟು, ಎಂಟೂವರೆ ಗಂಟೆ ಮತ್ತು ಐದೂವರೆ ಗಂಟೆ ನಿದ್ದೆಯ ಅವಕಾಶವನ್ನು ಹೋಲಿಸಿದರು. ಕಡಿಮೆ ನಿದ್ದೆಯಲ್ಲಿ ಕರಗಿದ ಕೊಬ್ಬು 55% ಕಡಿಮೆ, ಹಸಿವು ಹೆಚ್ಚು. ಹನ್ನೆರಡರವರೆಗೆ ಎಚ್ಚರ ಇರುವವರಿಗೆ ಎಂಟಕ್ಕೆ ಮುಗಿದ ಊಟ ಸಾಲುವುದಿಲ್ಲ, ಅದು ಸಹಜ. ಒಂದೋ ಬೇಗ ಮಲಗಿ, ಇಲ್ಲವೇ ಹತ್ತು ಗಂಟೆಗೆ ಒಂದು ಲೋಟ ಸಕ್ಕರೆ ಹಾಕದ ಹಾಲನ್ನೋ ಮೊಸರನ್ನೋ ಲೆಕ್ಕದೊಳಗೇ ಸೇರಿಸಿಕೊಳ್ಳಿ.

ಬೇಗ ಸರಿದೂಗಿಸಲು ಮೂರು ದಿನ ಬರೀ ಹಣ್ಣಿನ ರಸ, ಡಿಟಾಕ್ಸ್ ಮಾಡಿದರೆ?

ಇಳಿಯುವುದು ನೀರು, ಜೊತೆಗೆ ಸ್ನಾಯು. ನಾಲ್ಕನೇ ದಿನ ವಾಪಸ್ಸು. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಸುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು.

ಮನೆಯವರು "ಒಂದಿನ ತಿಂದರೆ ಏನಾಗುತ್ತೆ" ಎಂದು ಬಡಿಸುತ್ತಾರೆ.

ಡಯಟ್ ಎಂಬ ಪದವನ್ನೇ ಎತ್ತಬೇಡಿ, ಆ ಪದ ಕೇಳಿದರೆ ಎಲ್ಲರಿಗೂ ಒಂದು ಸಲಹೆ ನೆನಪಾಗುತ್ತದೆ. ಮೊದಲ ಸಲ ನೀವೇ ಬಡಿಸಿಕೊಳ್ಳಿ, ನಿಧಾನ ತಿನ್ನಿ. ಖಾಲಿ ತಟ್ಟೆ ಕಂಡರೆ ತಾನೇ ಬಡಿಸುವುದು.

ತೂಕ ಇಳಿಸುವ ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮತ್ತೆ ಏರುತ್ತಿದೆ. ತಪ್ಪು ನನ್ನದೇ?

ಅಲ್ಲ. ಸೆಮಾಗ್ಲುಟೈಡ್‌ನಂತಹ ಔಷಧಿ ಹಸಿವನ್ನು ತಗ್ಗಿಸುತ್ತದೆ, ನಿಲ್ಲಿಸಿದರೆ ಹಸಿವು ಮರಳುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿಸಿದ್ದರ ಮೂರನೇ ಎರಡು ಭಾಗ ಸರಾಸರಿಯಾಗಿ ಮರಳಿತ್ತು. ಉಳಿದ ಡೋಸ್ ನೀವೇ ಮತ್ತೆ ಶುರು ಮಾಡಬೇಡಿ. ಎಷ್ಟು ದಿನ ಬಿಟ್ಟಿದ್ದೀರಿ ಎಂಬುದರ ಮೇಲೆ ಕಡಿಮೆ ಪ್ರಮಾಣದಿಂದ ಏರಿಸಬೇಕಾಗಬಹುದು, ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಉತ್ಸಾಹವೇ ಇಲ್ಲ. ಅದು ಬರುವವರೆಗೆ ಕಾಯಲೇ?

ಕಾಯಬೇಡಿ. ಅದರ ಬದಲು ಕೆಟ್ಟ ದಿನಕ್ಕೆಂದೇ ಒಂದು ಕನಿಷ್ಠ ಪಟ್ಟಿ ಮಾಡಿಟ್ಟುಕೊಳ್ಳಿ: ಹತ್ತು ನಿಮಿಷ ನಡಿಗೆ, ಒಂದು ಊಟದಲ್ಲಿ ಅರ್ಧ ತಟ್ಟೆ ತರಕಾರಿ, ಪುಸ್ತಕದಲ್ಲಿ ಒಂದು ಸಾಲು. ಜ್ವರವಿಲ್ಲದ ಯಾವ ದಿನವೂ ಮಾಡಬಹುದಾದಷ್ಟು ಸಣ್ಣದಿರಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ಅಭ್ಯಾಸ ಕೂರಲು ಬೇಕಾದ ದಿನಗಳನ್ನು ಅಳೆದಾಗ ಮಧ್ಯದ ಅಂಕಿ 66 ಬಂತು, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254ರವರೆಗೆ ಅಂತರವಿತ್ತು. 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಕಥೆಗೆ ಆಧಾರವಿಲ್ಲ. ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಿರಲಿಲ್ಲ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿತ ಮಾಡುವ ಮೊದಲೇ ಹೋಗಿ, ಊಟ ತಗ್ಗಿ ಔಷಧಿ ಅಷ್ಟೇ ಇದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತದೊತ್ತಡದ ಮಾತ್ರೆಯವರೂ ಪ್ರಮಾಣ ಪರೀಕ್ಷಿಸಿಕೊಳ್ಳಿ. ಪ್ರಾಮಾಣಿಕವಾಗಿ ತೂಗಿ ಬರೆದು ಆರು ವಾರವಾದರೂ ಸರಾಸರಿ ಅಲುಗಾಡದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಆರೋಗ್ಯದ ಔಷಧಿಗಳೂ ತೂಕ ಏರಿಸುತ್ತವೆ, ಆದರೆ ಅವನ್ನು ನೀವಾಗಿ ನಿಲ್ಲಿಸಬಾರದು. ಗರ್ಭಿಣಿಯರು ತೂಕ ಇಳಿಸಲು ಹೊರಡಬಾರದು. ತಿಂದು ವಾಂತಿ ಮಾಡಿಕೊಳ್ಳುವುದು, ಕದ್ದುಮುಚ್ಚಿ ಅತಿಯಾಗಿ ತಿಂದು ಆಮೇಲೆ ದಿನಗಟ್ಟಲೆ ಉಪವಾಸ ಇರುವುದು ನಡೆಯುತ್ತಿದ್ದರೆ ಈ ಪುಟದ ಯಾವ ಲೆಕ್ಕವೂ ನಿಮಗಲ್ಲ, ಮನೋವೈದ್ಯರನ್ನು ಕಾಣಿ. ಇನ್ನು ಎರಡು ಮೂರು ದಿನದಲ್ಲೇ ಎರಡು ಕೆಜಿ ಏರಿ, ಕಾಲು ಊದಿ, ಮಲಗಿದಾಗ ಉಸಿರು ಕಟ್ಟಿದಂತಾದರೆ ಅದು ಊಟದ ವಿಷಯವೇ ಅಲ್ಲ, ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ.